ಪ್ಲಾಂಜಿನ ಒಳಗೆ ಇಟ್ಟ ಅಕ್ಷತೆ

ಮದ್ದೂರಿನ ಅಕ್ಕಿ ಗಿರಣಿಯಲ್ಲಿ ಹಬೆಯ ಕೊಳವೆ ಸೋರುವುದೆಂದರೆ, ಮಳೆಗಾಲದಲ್ಲಿ ಮಾಡು ಸೋರಿದಷ್ಟೇ ಮಾಮೂಲು. ಸೋರಿದ ಕಡೆ ಬಿಗಿದರಾಯಿತು ಎನ್ನುವವರೇ ಎಲ್ಲರೂ. ಫಿಟ್ಟರು ಸಿದ್ದರಾಜುವೂ ಹಾಗೇ ಅಂದುಕೊಂಡಿದ್ದ.

ಅವನಪ್ಪ ಶಿವಯ್ಯ ಹಿಂದೊಮ್ಮೆ ಬೇರೊಂದು ಊರಿನಲ್ಲಿ ಇಂಥದೇ ಹಬೆ ಮುಖಕ್ಕೆ ಬಡಿದು ಎರಡೂ ಕಣ್ಣು ಕಳೆದುಕೊಂಡವನು. ದಿನವೂ ಸಂಜೆ ಮಗ ಮನೆಗೆ ಬಂದ ಕೂಡಲೇ ಹತ್ತಿರ ಕೂರಿಸಿಕೊಂಡು, ಎರಡೂ ಕೈಯಿಂದ ಅವನ ಮುಖ ಸವರಿ ನೋಡುವನು. ಎಲ್ಲ ಇದ್ದ ಹಾಗೇ ಇದೆ ಎಂದು ತಿಳಿದ ಮೇಲೆಯೇ ಊಟ.

ಬಾಯ್ಲರಿನಿಂದ ಇಂಜಿನ್ನಿಗೆ ಹೋಗುವ ದಪ್ಪ ಕೊಳವೆಯಲ್ಲಿ ಒಂದು ಜೋಡು ಉಂಟು. ಎರಡು ಕೊಳವೆಗಳ ತುದಿಗೂ ಒಂದೊಂದು ಅಗಲವಾದ ಕಬ್ಬಿಣದ ಬಿಲ್ಲೆ. ಅದೇ ಪ್ಲಾಂಜು. ಎರಡರ ನಡುವೆ ಸಂದು ಮುಚ್ಚುವ ಮೆತ್ತನೆಯ ಪ್ಯಾಕಿಂಗಿನ ಬಳೆ ಇಟ್ಟು, ಸುತ್ತ ಎಂಟು ಬೋಲ್ಟು ಬಿಗಿದರೆ ಹಬೆ ಹೊರಗೆ ಬಾರದು. ಆಯುಧಪೂಜೆಯ ದಿನ ಬೆಂಕಿ ಆರಿಸಿದ್ದರಿಂದ ಸಿದ್ದರಾಜು ಆ ಜೋಡನ್ನು ಬಿಚ್ಚಿ ಹೊಸ ಪ್ಯಾಕಿಂಗು ಕತ್ತರಿಸಿಟ್ಟಿದ್ದ. ಮೇಸ್ತ್ರಿ ಪಾರ್ಥಸಾರಥಿಯವರು ಹಬ್ಬಕ್ಕೆಂದು ಮೇಲುಕೋಟೆಗೆ ಹೋಗಿದ್ದರು. ಪೂಜೆಗೆ ಬಂದ ಸಿದ್ದರಾಜುವಿನ ತಾಯಿ ಚಿಕ್ಕಬೋರಮ್ಮ, ಬಾಯಿ ತೆರೆದು ನಿಂತ ಕೊಳವೆಯನ್ನು ನೋಡಿ ಸೆರಗಿನ ಗಂಟು ಬಿಚ್ಚಿದಳು. ಮುತ್ತತ್ತಿಯ ದೇವರ ಗುಡಿಗೆ ನಡೆದು ಹೋಗಿ ತಂದ ಕುಂಕುಮವನ್ನು ಪ್ಲಾಂಜಿನ ಒಳಮೈಗೇ ಬಳಿದು, ಅದರ ಮೇಲೆ ಅಕ್ಷತೆ ಒತ್ತಿದಳು. ನನ್ನ ಮಗನ ಮುಖ ಕಾಪಾಡಪ್ಪ ಎಂದು ಬೇಡಿಕೊಂಡಳು. ಅದನ್ನು ಒರೆಸಲು ಸಿದ್ದರಾಜುವಿಗೆ ಕೈ ಬರಲಿಲ್ಲ. ಹಾಗೆಯೇ ಪ್ಯಾಕಿಂಗು ಇಟ್ಟು ಮುಚ್ಚಿದ.

ಎರಡನೆಯ ದಿನಕ್ಕೇ ಜೋಡು ಬುಸುಗುಟ್ಟಿತು. ಹಬೆ ನಿಲ್ಲಿಸದೆ, ಬುಸುಗುಟ್ಟುವ ಕಡೆಯ ಬೋಲ್ಟನ್ನೇ ಬಿಗಿದ. ನಿಂತಿತು. ಮರುದಿನ ಪಕ್ಕದಲ್ಲಿ ಶುರುವಾಯಿತು. ಅಲ್ಲಿಯೂ ಬಿಗಿದ. ಎಂಟನೆಯ ದಿನ ಬುತ್ತಿ ತಂದ ತಾಯಿ ನೋಡುತ್ತಾಳೆ, ಮಗನಿಗೆ ಮುದ್ದೆ ಮುರಿಯಲಾಗುತ್ತಿಲ್ಲ. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿದೆ.

"ಏನ್ಲಾ ಅದು?"

"ಏನಿಲ್ಲ ಕಣವ್ವ. ವಸಿ ಅಬೆ ತಗಲ್ತು. ಅಪ್ಪಂಗೆ ಏಳ್ಬ್ಯಾಡ."

ಅವಳು ತಾನೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮೀಸೆ ಬಂದ ಮಗನಿಗೆ ತುತ್ತು ಕೊಟ್ಟಳು. ಆಮೇಲೆ, ದೇವರ ಮುನಿಸು ಇನ್ನೂ ಹೋಗಿಲ್ಲ, ಜೋಡು ಬಿಚ್ಚು, ಇನ್ನಷ್ಟು ಕುಂಕುಮ ಇಡುತ್ತೇನೆ ಎಂದಳು.

ಊರಿಂದ ಆಗತಾನೇ ಬಂದ ಮೇಸ್ತ್ರಿಯವರ ಕಿವಿಗೆ ಇದು ಬಿತ್ತು. ಅವರು ದನಿ ಎತ್ತರಿಸುವವರಲ್ಲ.

"ಹಬೆ ತುಂಬಿರೋವಾಗ್ಲೇ ಬಿಗಿದೆಯಾ ಸಿದ್ದರಾಜು? ಒಂದು ಬೋಲ್ಟು ಮುರಿದಿದ್ರೆ ನಿಮ್ಮಪ್ಪ ಸಂಜೆ ಏನನ್ನ ಸವರಿ ನೋಡಬೇಕಾಗಿತ್ತು?"

ಸಿದ್ದರಾಜು ತಲೆ ತಗ್ಗಿಸಿದ. ಭತ್ತ ತಂದು ಕಾದು ನಿಂತಿದ್ದ ಗಾಡಿಯವರು ಗೊಣಗಿದರೂ ಮೇಸ್ತ್ರಿಯವರು ಹಬೆ ನಿಲ್ಲಿಸಿದರು. ಒತ್ತಡದ ಮುಳ್ಳು ಸೊನ್ನೆಗೆ ಇಳಿಯಿತು. ಕೊಳವೆಯಲ್ಲಿ ಉಳಿದಿದ್ದ ಹಬೆಯನ್ನೂ ನೀರನ್ನೂ ಕೆಳಗಿನ ನಲ್ಲಿಯಿಂದ ಬಿಟ್ಟರು. ಕಬ್ಬಿಣ ಕೈ ತಾಳುವಷ್ಟು ತಣ್ಣಗಾದ ಮೇಲೆ ಜೋಡು ಬಿಚ್ಚಿದರು. ಅಕ್ಷತೆ ಹಬೆಗೆ ಬೆಂದು, ಕರಗಿ, ಪ್ಯಾಕಿಂಗಿನಲ್ಲಿ ಸಣ್ಣ ಸಣ್ಣ ದಾರಿ ಬಿಟ್ಟಿತ್ತು.

ಚಿಕ್ಕಬೋರಮ್ಮ ಬಗ್ಗಿ ನೋಡಿದಳು. "ಗದ್ದೆ ಬದಕ್ಕೆ ಏಡಿ ತೂತ ಕೊರ್ದಂಗೈತಲ್ಲ ಸ್ವಾಮ್ಯೋರೆ."

"ಹಾಗೇ ಕಣಮ್ಮ. ತೂತು ಒಳಗೇ ಇದೆ. ಹೊರಗಿಂದ ಎಷ್ಟು ಬಿಗಿದರೆ ಏನು ಬಂತು?"

ಸಿದ್ದರಾಜು ಹೆರೆಯುವ ಚಾಕು ಹಿಡಿದವನು ತಾಯಿಯ ಮುಖ ನೋಡಿ ಕೈ ತಡೆದ.

"ದೇವ್ರ ಕುಂಕುಮ ಒರೆಸುದ್ರೆ ದೋಸ ಅಲ್ವ್ರಾ?" ಎಂದಳು ಅವಳು.

"ನಮ್ಮ ತಂದೆ ಅರ್ಚಕರು. ಬೆಳಿಗ್ಗೆ ಗುಡಿ ಬಾಗಿಲು ತೆಗೆದ್ರೆ ಮೊದಲು ಏನ್ಮಾಡ್ತಾರೆ, ಹೇಳಿ?"

"ನೆನ್ನೆ ಊವ ತಗೀತಾರೆ."

"ಅದೂ ಸೇವೆ ತಾನೆ?"

ಚಿಕ್ಕಬೋರಮ್ಮ ಮಗನ ಹೆಗಲ ಮೇಲಿದ್ದ ಒರೆಸುವ ಬಟ್ಟೆ ಈಸಿಕೊಂಡಳು. ಎರಡೂ ಪ್ಲಾಂಜಿನ ಮುಖವನ್ನು, ಮಗುವಿನ ಮುಖ ಒರೆಸಿದಂತೆ, ಒಂದು ಕಣವೂ ಉಳಿಯದ ಹಾಗೆ ಒರೆಸಿದಳು. ಆ ಬಟ್ಟೆಯನ್ನು ಶಿಂಷೆಯ ಹೊಳೆಗೆ ಬಿಡಲೆಂದು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂಟಿ ಉಳಿದಿದ್ದ ಹಳೆಯ ಪ್ಯಾಕಿಂಗಿನ ಚೂರನ್ನು ಸಿದ್ದರಾಜು ಹೆರೆದು ತೆಗೆದ. ಹೊಸ ಬಳೆ ಇಟ್ಟ. ಮೇಸ್ತ್ರಿಯವರು ಹೇಳಿದಂತೆ ಒಂದು ಬೋಲ್ಟು, ಆಮೇಲೆ ಅದರ ಎದುರಿನದು, ಹೀಗೆ ಒಂದೊಂದು ಸುತ್ತಿನಲ್ಲೂ ಸ್ವಲ್ಪಸ್ವಲ್ಪವೇ ಬಿಗಿದ.

"ಎತ್ತಿನ ಮ್ಯಾಲೆ ಏರು ಆಕ್ದಂಗೆ ಕಣ್ಲಾ, ಎರಡು ಕಡೀಕೂ ಸಮ ಇರ್ಬೇಕು. ಇಷ್ಟು ದಿನ ಒಂದೇ ಕಡೀಕೆ ಎಳೀತಿದ್ದಾ?" ಎಂದು ತಾಯಿ ಚುಚ್ಚಿದಾಗ ಮೇಸ್ತ್ರಿಯವರೂ ನಕ್ಕರು. ಈಗ ಕುಂಕುಮ ಇಡಿ, ಹೊರಗಡೆ, ಎಂದರು. ಅವಳು ಪ್ಲಾಂಜಿನ ಹೊರ ಅಂಚಿಗೆ ಒಂದು ಬೊಟ್ಟು ಇಟ್ಟಳು. ಮೆಲ್ಲಗೆ ಹಬೆ ಬಿಟ್ಟರು. ಜೋಡು ಉಸಿರೆತ್ತಲಿಲ್ಲ.

ಸಂಜೆ ಶಿವಯ್ಯ ಮಗನ ಹಣೆ, ರೆಪ್ಪೆ, ಕೆನ್ನೆ ಸವರಿದ. ಅಲ್ಲಿಂದ ಕೈ ತೋಳಿಗಿಳಿದು ಮಣಿಕಟ್ಟಿನ ಬಟ್ಟೆಗೆ ತಾಗಿ ನಿಂತಿತು. ಈ ಸಲ ಸಿದ್ದರಾಜು ಏನನ್ನೂ ಮುಚ್ಚಿಡಲಿಲ್ಲ.

ಗಿರಣಿಯಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಹಬೆ ಇರುವಾಗ ಬೋಲ್ಟು ಮುಟ್ಟಬೇಡಿ. ಹಬೆ ನಿಲ್ಲಿಸಿ, ಮುಳ್ಳು ಸೊನ್ನೆಗಿಳಿಯಲಿ, ಕಬ್ಬಿಣ ತಣಿಯಲಿ. ಪ್ಲಾಂಜಿನ ಮುಖ ಒರೆಸಿ, ಹೊಸ ಪ್ಯಾಕಿಂಗನ್ನೇ ಇಟ್ಟು, ಎದುರುಬದುರಾಗಿ ಬಿಗಿಯಿರಿ. ತಾಯಂದಿರೇ, ನಿಮ್ಮ ಕುಂಕುಮ ಹೊರಗಿರಲಿ, ಒಳಗೆ ಶುಚಿಯಿರಲಿ. ಗಾಡಿ ಒಂದು ಗಳಿಗೆ ಕಾದೀತು. ನಿಮ್ಮ ಮುಖ ಸವರಲು ಮನೆಯಲ್ಲಿ ಕಾದಿರುವ ಕೈಗಳಿಗೆ ಬೇರೊಂದು ಮುಖವಿಲ್ಲ.