ಏನೂ ಸುಟ್ಟಿರಲಿಲ್ಲ

ನಮ್ಮ ಭಾವನಿಗೆ ನಾನಿಟ್ಟ ಹೆಸರು ಪತ್ತೇದಾರ. ಅವರ ಕೆಲಸವೇ ಹಾಗಿತ್ತು. ಎಲ್ಲಾದರೂ ಅಂಗಡಿಯೋ ಗೋದಾಮೋ ಸುಟ್ಟುಹೋದರೆ, ಬೆಂಕಿ ಹೇಗೆ ಹತ್ತಿತು ಎಂದು ಕಂಡುಹಿಡಿಯಲು ವಿಮಾ ಕಂಪನಿಯವರು ಅವರನ್ನು ಕಳಿಸುತ್ತಿದ್ದರು. ಕರಗಿದ ವೈರು, ಬಿರುಕು ಬಿಟ್ಟ ಗಾಜು, ಒದ್ದೆ ಬೂದಿ ಇವುಗಳ ನಡುವೆ ಮಂಡಿಯೂರಿ ಕೂತು, ಸಂಜೆ ಮನೆಗೆ ಬರುವಾಗ ಮೂಗಿನ ತುದಿಗೂ ಮಸಿ ಮೆತ್ತಿಕೊಂಡು ಬರುತ್ತಿದ್ದರು. ಯಾರು ಏನೇ ಹೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದದ್ದು ಒಂದೇ ಪ್ರಶ್ನೆ: "ಅದು ನಿಮಗೆ ಹೇಗೆ ಗೊತ್ತು?"

ಕೆಲಸದಲ್ಲಿ ಅವರು ಅಪ್ಪಟ ಚಿನ್ನ. ಅದನ್ನು ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಒಮ್ಮೆ ಒಂದು ಗೋದಾಮು ಸುಟ್ಟಾಗ, ಮುದಿ ಕಾವಲುಗಾರನ ಸಿಗರೇಟೇ ಕಾರಣವೆಂದು ಮಾಲೀಕನಿಂದ ಹಿಡಿದು ಬೀದಿಯವರವರೆಗೆ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಭಾವ ಒಪ್ಪಲಿಲ್ಲ. ಮೀಟರ್ ಬೋರ್ಡಿನ ಹಿಂದೆ ಸಡಿಲವಾಗಿದ್ದ ತಂತಿಯನ್ನು ಹುಡುಕಿ ತೆಗೆದರು. ಮುದುಕನ ಕೆಲಸ ಉಳಿಯಿತು. "ನೋಡಿದ್ಯೇನೇ ನಮ್ಮನೆಯವರನ್ನ!" ಎಂದು ಅಕ್ಕ ಹಿಗ್ಗಿಹೋಗಿದ್ದಳು. ನಾನೂ ಹಿಗ್ಗಿದ್ದೆ.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು, ನಾನು ಅವಳ ಜೊತೆ. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ಒಂದು ದಿನ ಅಕ್ಕ ಕಾಜಾ ಹೊಲಿಯುತ್ತಿದ್ದವಳು ತಟ್ಟನೆ ತಲೆಯೆತ್ತಿದಳು.

"ಏನೋ ಸುಡ್ತಾ ಇದೆ ಕಣೇ."

ನಾನು ಇಸ್ತ್ರಿಪೆಟ್ಟಿಗೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಒಲೆ ಆರಿತ್ತು. ಅಷ್ಟರಲ್ಲಿ ವಾಸನೆ ಹೋಯಿತೆಂದು ಅವಳೇ ಹೇಳಿದಳು. ಆದರೆ ಮತ್ತೆ ಎರಡು ದಿನ ಬಿಟ್ಟು ಬಂತು, ಆಮೇಲೆ ಮತ್ತೂ ಬಂತು. ರಬ್ಬರು ಸುಟ್ಟ ಹಾಗೆ, ಒಂದು ಗಳಿಗೆ ಇದ್ದು ಮಾಯವಾಗುತ್ತದೆ ಎನ್ನುತ್ತಿದ್ದಳು.

ಭಾವನ ಕಿವಿಗೆ ಬಿದ್ದಿದ್ದೇ ತಡ, ಭಾನುವಾರ ಬೆಳಿಗ್ಗೆ ಟಾರ್ಚು, ಸ್ಕ್ರೂಡ್ರೈವರು ಹಿಡಿದು ಸಜ್ಜಾದರು. ಸ್ವಿಚ್ಚುಗಳನ್ನೆಲ್ಲ ಬಿಚ್ಚಿದರು. ಮಿಷನ್ನಿನ ಮೋಟರು ತೆಗೆದು ಮೂಸಿದರು. ಅಟ್ಟ ಹತ್ತಿ ಜೇಡರ ಬಲೆಯನ್ನೆಲ್ಲ ತಲೆಗೆ ಸುತ್ತಿಕೊಂಡು ಇಳಿದರು. ಪಕ್ಕದ ಮನೆಯವರ ಹೊಗೆಗೂಡನ್ನೂ ಬಿಡಲಿಲ್ಲ. ಮಧ್ಯಾಹ್ನ ಕೈ ತೊಳೆದುಕೊಂಡು ಬಂದು ತೀರ್ಪು ಕೊಟ್ಟರು.

"ಈ ಮನೇಲಿ ಎಲ್ಲೂ ಏನೂ ಸುಟ್ಟಿಲ್ಲ. ನಾನು ಗ್ಯಾರಂಟಿ."

"ಮತ್ತೆ ನನಗ್ಯಾಕ್ರೀ ವಾಸನೆ ಬರುತ್ತೆ?" ಎಂದಳು ಅಕ್ಕ.

"ಅದು ನಿನ್ನ ಭ್ರಮೆ. ಇನ್ನು ತಲೆ ಕೆಡಿಸ್ಕೋಬೇಡ."

ಈಗ ನೆನೆಸಿಕೊಂಡರೆ ಅನ್ನಿಸುತ್ತದೆ, ಅವಳು ಕೇಳಿದ್ದು ಎಷ್ಟು ಸರಿಯಾದ ಪ್ರಶ್ನೆ! ಬೆಂಕಿ ಇಲ್ಲ ಎಂದು ಗೊತ್ತಾದ ಮೇಲೆ ನಿಜವಾದ ಹುಡುಕಾಟ ಶುರುವಾಗಬೇಕಿತ್ತು. ನಮ್ಮ ಪತ್ತೇದಾರರು ಅಲ್ಲಿಗೇ ಮುಗಿಸಿ ಊಟಕ್ಕೆ ಕೂತರು. ಭ್ರಮೆ ಎನ್ನುವುದು ಅವರಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಊರಿನವರ ಮಾತನ್ನೆಲ್ಲ ಒರೆಗೆ ಹಚ್ಚುವ ಮನುಷ್ಯ, ತಮ್ಮ ಮಾತನ್ನು ಮಾತ್ರ ಹಾಗೇ ನಂಬಿಬಿಟ್ಟರು. ಅದನ್ನೇ ಅವರು ವಿಚಾರ ಮಾಡುವುದು ಎಂದುಕೊಂಡಿದ್ದರು.

ಆಮೇಲೆ ಅದು ಮನೆಯ ತಮಾಷೆಯಾಯಿತು. ಅಕ್ಕ ಮೂಗು ಅರಳಿಸಿದರೆ ಸಾಕು, "ಫೈರ್ ಇಂಜಿನ್ ಕರೀಲಾ?" ಎಂದು ಭಾವ ನಗುತ್ತಿದ್ದರು. ಮೊದಮೊದಲು ಅವಳೂ ನಗುತ್ತಿದ್ದಳು. ಬರಬರುತ್ತಾ ಹೇಳುವುದನ್ನೇ ಬಿಟ್ಟಳು. ಕತ್ತರಿ ಕೆಳಗಿಟ್ಟು, ಕಣ್ಣು ಮುಚ್ಚಿ, ವಾಸನೆ ಹೋಗುವವರೆಗೆ ಸುಮ್ಮನೆ ಕೂತಿರುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಅಂದರೆ, "ಹೋಗಿ ಏನಂತ ಹೇಳಲಿ? ಇಲ್ಲದ ವಾಸನೆ ಬರುತ್ತೆ ಅಂತಲಾ? ಅವರೂ ನಗಲಿ ಅಂತಲಾ?" ಎಂದು ಸಿಡುಕುತ್ತಿದ್ದಳು.

ಆ ವರ್ಷದ ಕೊನೆಗೆ ಒಂದು ಮಧ್ಯಾಹ್ನ, ಯಾರದೋ ಕೋಟಿನ ಅಳತೆ ಗುರುತು ಮಾಡುತ್ತಿದ್ದವಳು ಮೇಜಿನ ಮೇಲೇ ಕುಸಿದಳು. ಕೈಕಾಲು ಸೆಟೆದು ಅದುರತೊಡಗಿದವು. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ನಮ್ಮನ್ನು ಕೇಳಿದ ಮೊದಲ ಮಾತು, "ಇವರಿಗೆ ಯಾವತ್ತಾದ್ರೂ ಇಲ್ಲದ ವಾಸನೆ ಬರ್ತಿತ್ತಾ? ಸುಟ್ಟ ವಾಸನೆ ಥರ?"

"ಬರ್ತಿತ್ತು" ಎಂದೆ. ಮಿದುಳಿನಲ್ಲಿ ಗೆಡ್ಡೆಯಿದ್ದರೆ ಹಾಗೂ ಆಗುವುದುಂಟಂತೆ.

ಆಪರೇಷನ್ ಆಯಿತು. ಮುಗಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಗೆಡ್ಡೆಯನ್ನು ಪೂರ್ತಿ ತೆಗೆಯಲು ಆಗಲಿಲ್ಲ, ಇನ್ನು ಕೆಲವೇ ತಿಂಗಳು ಎಂದರು. ಆಮೇಲೆ ಭಾವನ ಮುಖ ನೋಡಿ ದನಿ ಇಳಿಸಿದರು.

"ನೀವು ಮನಸ್ಸಿಗೆ ಹಚ್ಕೋಬೇಡಿ. ಮೊದಲೇ ಕರ್ಕೊಂಡು ಬಂದಿದ್ರೂ ಇಷ್ಟೇ ಆಗ್ತಿತ್ತು."

ಅಷ್ಟು ದಿನವೂ ಆ ಮನುಷ್ಯನ ಮೇಲೆ ಹಲ್ಲು ಕಡಿಯುತ್ತಿದ್ದವಳು ನಾನು. ಆದರೂ ಅವರು ಆ ಮಾತನ್ನು ನಂಬಿಬಿಡಲಿ, ತಲೆಯಾಡಿಸಿ ಎದ್ದು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಭಾವ ಏಳಲಿಲ್ಲ.

"ಡಾಕ್ಟ್ರೇ, ಇದು ನನಗೆ ಬೇಕಾಗಿರೋ ಮಾತು. ಅದಕ್ಕೇ ಅನುಮಾನ. ಬೇಕಾಗಿದ್ದನ್ನೇ ನಂಬಿ ಈ ಗತಿಗೆ ಬಂದೆ. ನಿಜ ಹೇಳಿ. ಅವಳು ಮೊದಲು ಹೇಳಿದಾಗಲೇ ಬಂದಿದ್ರೆ?"

"ಬಿಡಿ ಭಾವ, ಸಾಕು" ಎಂದು ತೋಳು ಹಿಡಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು. "ಆಗ ಚಿಕ್ಕದಿರ್ತಿತ್ತು. ಪೂರ್ತಿ ತೆಗೀಬಹುದಿತ್ತೇನೋ. ಖಂಡಿತ ಅಂತ ಹೇಳಲಾರೆ. ಆದ್ರೆ ಇನ್ನೊಂದಷ್ಟು ವರ್ಷ ಸಿಗ್ತಿತ್ತು ಅನ್ಸುತ್ತೆ."

ಭಾವ ಕೈ ಮುಗಿದರು.

ವಾರ್ಡಿನಲ್ಲಿ ಅಕ್ಕ ಎಚ್ಚರವಾಗಿದ್ದಳು. ತಲೆಗೆ ಬ್ಯಾಂಡೇಜು, ಮುಖ ಊದಿ ಇಷ್ಟಗಲ ಆಗಿಹೋಗಿತ್ತು. "ಏನಂದ್ರು?" ಎಂದಳು. ನನ್ನ ಬಾಯಲ್ಲಿ ಸುಳ್ಳು ಸಿದ್ಧವಾಗಿತ್ತು. ಅದನ್ನು ಆಡಲು ಭಾವ ಬಿಡಲಿಲ್ಲ. ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತರು.

"ಗೆಡ್ಡೆ ಪೂರ್ತಿ ತೆಗೆಯೋಕಾಗ್ಲಿಲ್ವಂತೆ. ಆವಾಗ್ಲೇ ಬಂದಿದ್ರೆ ಚೆನ್ನಾಗಿರ್ತಿತ್ತಂತೆ. ನೀನು ಹೇಳಿದ್ದು ನಿಜ. ನಿನಗೆ ನಿಜವಾಗ್ಲೂ ವಾಸನೆ ಬರ್ತಿತ್ತು, ಈ ಕಾಯಿಲೆಯಿಂದ. ನಾನು ಮನೆಯೆಲ್ಲ ಹುಡುಕ್ದೆ. ನಿನ್ನನ್ನ ಒಂದು ಮಾತೂ ಸರಿಯಾಗಿ ಕೇಳಲಿಲ್ಲ."

ಅವಳು ಬಯ್ಯುತ್ತಾಳೆ, ಇಲ್ಲವೇ ಗೋಳೋ ಎಂದು ಅಳುತ್ತಾಳೆ ಅಂದುಕೊಂಡೆ. ಅವಳು ಅವರನ್ನೇ ನೋಡುತ್ತಾ ಉದ್ದಕ್ಕೆ ಉಸಿರು ಬಿಟ್ಟಳು.

"ಹಾಗಾದ್ರೆ ನನಗೆ ಹುಚ್ಚು ಹಿಡಿದಿರಲಿಲ್ಲ" ಎಂದಳು. "ನಾನು ಅದೇ ಅಂದ್ಕೊಂಡಿದ್ದೆ ಕಣ್ರೀ. ಯಾರಿಗೂ ಹೇಳೋಹಾಗಿಲ್ಲ, ಬಿಡೋಹಾಗಿಲ್ಲ. ಒಬ್ಬಳೇ ಎಷ್ಟು ಹೆದರಿದ್ದೆ ಗೊತ್ತಾ?"

ಭಾವ ಮಂಚದ ಅಂಚಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಅಕ್ಕನೇ ಮಾಡಿದಳು.