ಪಟ್ಟಿಯ ತಲೆಗೊಂದು ಸಾಲು

ಆ ವರ್ಕ್‌ಶಾಪಿನಲ್ಲಿ ಇದ್ದದ್ದು ಮೂರು ಜನ, ಒಂದು ಕತ್ತರಿಸುವ ಮಷೀನು, ಮತ್ತು ಬಟ್ಟೆಗೆ ಹತ್ತಿದರೆ ಮನೆವರೆಗೂ ಬರುವ ಅಂಟಿನ ವಾಸನೆ. ಅಲ್ಲಿ ತಯಾರಾಗುತ್ತಿದ್ದದ್ದು ಶೂ. ಅಂಗಡಿಯಲ್ಲಿ ಸಾಲಾಗಿ ಜೋಡಿಸುವಂಥವಲ್ಲ. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಇರುವವರಿಗೆ ಅಳತೆ ತೆಗೆದು ಒಂದೊಂದೇ ಜೊತೆ ಮಾಡಿಕೊಡುವಂಥವು. ಗಿಡ್ಡ ಕಾಲಿನ ಹಿಮ್ಮಡಿಯ ಕೆಳಗೆ ಎಷ್ಟು ದಪ್ಪದ ಕಾರ್ಕ್ ತುಂಡು ಕೂರಬೇಕು ಎನ್ನುವುದೇ ಅಲ್ಲಿನ ವಿದ್ಯೆಯೆಲ್ಲ. ಮೂವತ್ತು ವರ್ಷದಿಂದ ಆ ವಿದ್ಯೆ ಮಿಲಿಮೀಟರ್ ಮಾವನ ಕೈಯಲ್ಲಿತ್ತು. ಬರುವ ಗಿರಾಕಿಗಳೆಲ್ಲ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಹೀರೋಗೆ ಮಾತ್ರ ಅವರು ನಿಜವಾದ ಸೋದರಮಾವ, ಅಮ್ಮನ ತಮ್ಮ.

ಹೀರೋ ಎಂಬ ಹೆಸರಿಟ್ಟವರೂ ಅವರೇ. ಇಪ್ಪತ್ನಾಲ್ಕರ ಈ ಅಳಿಯ ನೀರು ಕೇಳಿದರೂ ಕ್ಲೈಮ್ಯಾಕ್ಸಿನಲ್ಲಿ ವಿಲನ್‌ಗೆ ಸವಾಲು ಹಾಕಿದ ಹಾಗೆ ಕೇಳುತ್ತಿದ್ದ. ಬಾಗಿಲು ತಳ್ಳಿಕೊಂಡು ಒಳಗೆ ಬರುವಾಗ ತನ್ನ ಹಿನ್ನೆಲೆ ಸಂಗೀತವನ್ನು ತಾನೇ ಬಾಯಲ್ಲಿ ಬಾರಿಸಿಕೊಳ್ಳುತ್ತಿದ್ದ. ಆದರೆ ಕೆಲಸ ಬರುತ್ತಿತ್ತು. ಮಾವ ಪೆನ್ಸಿಲ್ಲಿನಲ್ಲಿ ಅರ್ಧ ದಿನ ಎಳೆಯುತ್ತಿದ್ದ ಗೆರೆಗಳನ್ನು ಕಂಪ್ಯೂಟರಿಗೆ ಕಲಿಸಿದವನು ಅವನೇ. ಅವನು ಬರೆದ ಸ್ಕ್ರಿಪ್ಟ್ ಎಂಬ ಸಣ್ಣ ಪ್ರೋಗ್ರಾಮನ್ನು ಓಡಿಸಿದರೆ ಪರದೆಯ ಮೇಲೆ ಒಂದು ಡೈಲಾಗ್ ಬಾಕ್ಸ್ ತೆರೆಯುತ್ತಿತ್ತು. ಎಡಗಾಲೋ ಬಲಗಾಲೋ, ಕಾರ್ಕೋ ಫೋಮೋ, ಎತ್ತರ ಎಷ್ಟು: ಒಂದೊಂದಕ್ಕೂ ಒಂದು ಪಟ್ಟಿ ಕೆಳಗಿಳಿಯುತ್ತಿತ್ತು. ಆರಿಸಿ ಒತ್ತಿದರೆ ಸಾಕು, ಮಷೀನು ತುಂಡು ಕತ್ತರಿಸಿ ಮುಂದಿಡುತ್ತಿತ್ತು.

ಮಾವ ಮೌಸನ್ನು ಚರ್ಮ ಹೊಲಿಯುವ ದಬ್ಬಳ ಹಿಡಿದ ಹಾಗೆ ಹಿಡಿದು ಕಲಿತರು. ಕಲಿತ ಮೇಲೂ ಪ್ರತಿ ತುಂಡನ್ನೂ ಸ್ಟೀಲ್ ಸ್ಕೇಲಿನಲ್ಲಿ ಅಳೆಯುತ್ತಿದ್ದರು.

"ಮಾವ, ಹಾಗೆ ಅಳೀಬೇಡಿ, ಮಷೀನ್‌ಗೆ ಅವಮಾನ ಆಗುತ್ತೆ," ಎಂದು ಹೀರೋ ರೇಗಿಸುತ್ತಿದ್ದ. "ಈ ಕೈ ಬರೆದ ಸ್ಕ್ರಿಪ್ಟು. ಒಂದ್ಸಲ ಎಂಟರ್ ಒತ್ತಿದ್ರೆ ಅಳತೆನೇ ಎದ್ದು ನಿಂತು ಸಲ್ಯೂಟ್ ಹೊಡೀಬೇಕು."

"ನಿನ್ನ ಅಳತೆ ಸಲ್ಯೂಟ್ ಹೊಡೀಲಿ, ನನ್ನ ಸ್ಕೇಲು ಸುಮ್ನೆ ನೋಡ್ಲಿ. ನಿಂಗೇನು ಕಷ್ಟ?"

ಎರಡು ತಿಂಗಳು ಬಿಡದೆ ರೇಗಿಸಿದ. ಕೊನೆಗೊಂದು ದಿನ ಮಾವ ಸ್ಕೇಲನ್ನು ಗೋಡೆಯ ಮೊಳೆಗೆ ನೇತುಹಾಕಿ, "ಹೋಗ್ಲಿ, ನಿನ್ನ ನಂಬ್ತೀನಿ," ಎಂದರು. ಹೀರೋ ಅದಕ್ಕೂ ಒಂದು ಸೀಟಿ ಹೊಡೆದ.

ಆ ಸೋಮವಾರ ಬೆಳಿಗ್ಗೆ ಅವನಿಗೆ ಹೊಸ ಚೇಷ್ಟೆ ಹೊಳೆಯಿತು. ಎತ್ತರದ ಪಟ್ಟಿ ಒಂದು ಫೈಲಿನಿಂದ ತುಂಬಿಕೊಳ್ಳುತ್ತಿತ್ತು: ಮೂರು, ಆರು, ಒಂಬತ್ತು, ಹನ್ನೆರಡು ಮಿಲಿಮೀಟರ್, ಹೀಗೆ ಮೇಲಕ್ಕೆ. ಅದರ ತಲೆಗೆ ಅವನು ಒಂದು ಸಾಲು ಸೇರಿಸಿದ: "ಮಾವ, ಮೊದಲು ಟೀ. ಎತ್ತರ ಆಮೇಲೆ."

ಮಾವ ಪಟ್ಟಿ ಇಳಿಸಿದರು, ಓದಿದರು, ಕೆಮ್ಮು ಬರುವಷ್ಟು ನಕ್ಕರು. ಎದ್ದು ಹೋಗಿ ಟೀ ತಂದರು, ಇಬ್ಬರಿಗೂ. ಇಷ್ಟು ಚೆನ್ನಾಗಿ ಓಡುತ್ತಿರುವ ಚಿತ್ರವನ್ನು ಥಿಯೇಟರಿನಿಂದ ಯಾರು ತೆಗೆಯುತ್ತಾರೆ? ಸಾಲು ಅಲ್ಲೇ ಉಳಿಯಿತು. ಆ ವಾರ ಐದು ಜೊತೆ ಶೂ ಹೊರಗೆ ಹೋದವು.

ಮುಂದಿನ ಗುರುವಾರ ಬಸ್ ಕಂಡಕ್ಟರ್ ಅಕ್ಕ ಬಂದಳು. ಹತ್ತು ವರ್ಷದ ಗಿರಾಕಿ. ಬ್ಯಾಗಿನಿಂದ ಹೊಸ ಶೂ ತೆಗೆದು ಮೇಜಿನ ಮೇಲಿಟ್ಟಳು. ಕಾಲಲ್ಲಿ ಹಳೆಯದೇ ಇತ್ತು.

"ಮಾವ, ಬೇಜಾರು ಮಾಡ್ಕೋಬೇಡಿ. ಇದು ಹಾಕ್ಕೊಂಡು ನಾಲ್ಕು ದಿನ ನಿಂತೆ. ಸೊಂಟ ಬಿದ್ದೇ ಹೋಯ್ತು. ಬಸ್ಸು ನೆಟ್ಟಗೆ ಹೋಗ್ತಿದ್ರೂ ನಾನೊಬ್ಳೇ ಎಡಕ್ಕೆ ವಾಲ್ತೀನಿ."

"ಸೋಲ್ ಕೂತಿಲ್ಲ ಅನ್ಸುತ್ತೆ. ಕೊಡು, ನೋಡ್ತೀನಿ," ಎಂದರು ಮಾವ. ಸೋಲನ್ನು ಬಿಡಿಸಿ ಒಳಗಿನ ಕಾರ್ಕ್ ತೆಗೆದರು. ಮೊಳೆಯಿಂದ ಸ್ಕೇಲು ಇಳಿಯಿತು. ಹನ್ನೆರಡು. ಪುಸ್ತಕ ತೆರೆದರು, ಅವರದೇ ಕೈಬರಹದಲ್ಲಿ ಒಂಬತ್ತು. ಇನ್ನೊಮ್ಮೆ ಅಳೆದರು. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ ಮೂರನೇ ಸಲ ಅಳೆದರು.

"ಬರೆದಿದ್ದು ಒಂಬತ್ತು, ಒತ್ತಿದ್ದು ಹನ್ನೆರಡು," ಎಂದರು ಮೆಲ್ಲಗೆ. "ತಪ್ಪು ಸಾಲು ಒತ್ತಿದೀನಮ್ಮ. ಕಣ್ಣು ಹೋಯ್ತು ಅಂತ ಕಾಣ್ಸುತ್ತೆ."

ಮೇಜಿನ ಆ ಬದಿ ಕೂತಿದ್ದ ಹೀರೋಗೆ ಅಷ್ಟರಲ್ಲೇ ಎಲ್ಲ ಹೊಳೆದುಬಿಟ್ಟಿತು. ಪರದೆ ತೋರಿಸುವ ಪಟ್ಟಿ ಒಂದು ಫೈಲಿನಲ್ಲಿತ್ತು, ಮಷೀನಿಗೆ ಹೋಗುವ ಅಳತೆಗಳು ಇನ್ನೊಂದರಲ್ಲಿ. ಒತ್ತಿದ ಸಾಲಿನಲ್ಲಿ ಏನು ಬರೆದಿದೆ ಎಂದು ಅವನ ಸ್ಕ್ರಿಪ್ಟು ಓದುತ್ತಿರಲಿಲ್ಲ. ಅದು ಎಷ್ಟನೇ ಸಾಲು ಎಂದಷ್ಟೇ ಎಣಿಸಿ, ಇನ್ನೊಂದು ಫೈಲಿನ ಅಷ್ಟನೇ ಅಳತೆಯನ್ನು ಎತ್ತಿಕೊಳ್ಳುತ್ತಿತ್ತು. ಅವನು ಟೀ ಕುಡಿಸಿದ್ದು ಒಂದೇ ಫೈಲಿಗೆ. ಮೂರನೆಯದಾಗಿದ್ದ ಒಂಬತ್ತು ನಾಲ್ಕನೆಯದಾಗಿತ್ತು. ಇನ್ನೊಂದರಲ್ಲಿ ನಾಲ್ಕನೆಯದು ಹನ್ನೆರಡು. ಮಾವ ಒತ್ತಿದ್ದು ಒಂಬತ್ತನ್ನೇ. ಐದು ಸಲವೂ ಸರಿಯಾಗೇ ಒತ್ತಿದ್ದರು.

ಬಾಯಿ ಬಿಡಬೇಕಿದ್ದ ಕ್ಷಣ ಅದೇ. ಹೀರೋ ಬಾಯಿ ಬಿಡುವ ಬದಲು ಫೈಲು ತೆರೆದ, ಟೀ ಸಾಲನ್ನು ಅಳಿಸಿದ, ಮುಚ್ಚಿದ. ಹತ್ತು ಸೆಕೆಂಡಿನ ಕೆಲಸ. ಇನ್ನು ಮೇಲೆ ಎಲ್ಲ ಸರಿಹೋಗುತ್ತದಲ್ಲ, ಹೇಳಿ ಏನಾಗಬೇಕು ಎಂದು ತನಗೆ ತಾನೇ ಅಂದುಕೊಂಡ.

ಅಂದೇ ಸಂಜೆ ಮಾವ ವರ್ಕ್‌ಶಾಪಿನ ಯಜಮಾನಿಯ ಮುಂದೆ ನಿಂತರು. "ಮೇಡಂ, ನಾಳೆಯಿಂದ ನಾನು ಅಂಟು ಹಚ್ತೀನಿ, ಲೇಸು ಹಾಕ್ತೀನಿ. ಅಳತೆ ಮಾತ್ರ ಬೇಡ."

"ಒಂದು ತಪ್ಪಿಗೆ ಯಾರಾದ್ರೂ ಹೀಗೆ ಮಾಡ್ತಾರಾ?" ಎಂದರು ಯಜಮಾನಿ.

"ನೀವು ಸುಮ್ನಿರಿ ಮೇಡಂ. ಜನ ನಿಲ್ಲೋದು ನನ್ನ ಅಳತೆ ಮೇಲೆ."

ಶುಕ್ರವಾರ ಇನ್ನೆರಡು ಜೊತೆ ವಾಪಸು ಬಂದವು. ಮಾವ ಅವನ್ನು ಬಿಡಿಸಿ ಅಳೆಯಲೂ ಹೋಗಲಿಲ್ಲ. ಶನಿವಾರ ಹೀರೋನೇ ಅವರನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಕಣ್ಣು ಸರಿಯಿದೆ ಅಂದುಬಿಟ್ಟರೆ ಮಾವ ತಾನೇ ಸಮಾಧಾನವಾಗುತ್ತಾರೆ, ನಾನು ಏನೂ ಹೇಳಬೇಕಾಗಿಲ್ಲ ಎಂಬುದು ಅವನ ಲೆಕ್ಕಾಚಾರ.

ಡಾಕ್ಟರು ಅಕ್ಷರ ಓದಿಸಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. "ಮೂರು ವರ್ಷದ ಹಿಂದಿನ ನಂಬರೇ ಇದೆ. ಕೂದಲೆಳೆಯಷ್ಟೂ ಬದಲಾಗಿಲ್ಲ. ಅದೃಷ್ಟವಂತರು ನೀವು."

ಮಾವ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಎದ್ದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಹೀರೋ ಪಕ್ಕದಲ್ಲಿ ಕೂತ.

"ಕಣ್ಣಲ್ಲ ಅಂದ್ರೆ ತಲೆ ಕಣೋ," ಎಂದರು. "ನಿಮ್ಮ ತಾತಂಗೂ ಹೀಗೇ ಶುರುವಾಗಿದ್ದು. ಮೊದಮೊದಲು ಗುಂಡಿ ತಪ್ಪಾಗಿ ಹಾಕ್ಕೊಳ್ಳೋರು. ಕೊನೇಲಿ ನಿಮ್ಮಮ್ಮನ್ನ ಯಾರು ನೀನು ಅಂತ ಕೇಳೋರು."

"ಹಾಗೇನಿಲ್ಲ ಮಾವ."

"ನಿಮ್ಮಮ್ಮಂಗೆ ಹೇಳ್ಬೇಡ. ಹೆದರ್ಕೋತಾಳೆ."

ಕರವಸ್ತ್ರ ತೆಗೆಯುವಾಗ ಅವರ ಜೇಬಿನಿಂದ ಒಂದು ಚೀಟಿ ಬಿತ್ತು. ಹೀರೋ ಎತ್ತಿಕೊಟ್ಟ, ಕೊಡುವ ಮೊದಲು ಕಣ್ಣು ಓದಿಬಿಟ್ಟಿತ್ತು. "ಗ್ಯಾಸ್ ಆರಿಸಿದೆ. ಬೀಗ ಹಾಕಿದೆ. ಎರಡು ಸಲ ನೋಡಿದೆ."

ಭಾನುವಾರ ಟಿವಿಯಲ್ಲಿ ಯಾವುದೋ ಚಿತ್ರದ ನಾಯಕ ಹತ್ತು ಜನರನ್ನು ಗಾಳಿಯಲ್ಲಿ ತೇಲಿಸುತ್ತಿದ್ದ. ಹೀರೋ ಎದ್ದು ಆರಿಸಿದ. ಅಮ್ಮ ಹಣೆ ಮುಟ್ಟಿ ನೋಡಿದಳು.

ಸೋಮವಾರ ಬಾಗಿಲು ತೆರೆದ ಕೂಡಲೇ ಮಾವನ ಎದುರು ಹೋಗಿ ನಿಂತ. ಹಿನ್ನೆಲೆ ಸಂಗೀತ ಇರಲಿಲ್ಲ.

"ಮಾವ, ತಪ್ಪು ಮಾಡಿದ್ದು ನೀವಲ್ಲ, ನಾನು. ಆ ಟೀ ಸಾಲಿನಿಂದ ಎಲ್ಲಾ ಒಂದೊಂದು ಸಾಲು ಕೆಳಗೆ ಜಾರಿದೆ. ನೀವು ಒತ್ತಿದ್ದು ಒಂಬತ್ತೇ."

ಮಾವ ಅಂಟಿನ ಬ್ರಷ್ ಕೆಳಗಿಡದೆ ನಕ್ಕರು. ಮಗುವಿನ ಸುಳ್ಳಿಗೆ ನಗುವ ಹಾಗೆ. "ಯಾವ ಸಿನಿಮಾದ್ದೋ ಇದು? ತಪ್ಪನ್ನ ತನ್ನ ಮೇಲೆ ಹಾಕ್ಕೊಂಡು ಜೈಲಿಗೆ ಹೋಗೋ ಸೀನಾ? ಚೆನ್ನಾಗಿದೆ. ನನ್ನ ಸಮಾಧಾನಕ್ಕೆ ಕಥೆ ಕಟ್ಬೇಡ."

"ಕಥೆ ಅಲ್ಲ ಮಾವ."

"ನಿನ್ನೆ ಮೊನ್ನೆ ನೋಡ್ತಿದೀನಾ ನಿನ್ನ?"

ಹೀರೋ ಹುಟ್ಟಿದಾಗಿನಿಂದ ಆಡಿದ ಅಷ್ಟೂ ನಾಟಕ ಒಟ್ಟಿಗೆ ಬಂದು ಅವನ ಕಾಲಿಗೆ ತೊಡರಿಕೊಂಡಿತು. ಮಾತಿನಿಂದ ಆಗುವ ಕೆಲಸ ಇದಲ್ಲ. ಅವನು ಹೋಗಿ ಯಜಮಾನಿಯನ್ನು ಕರೆತಂದ. ಫೈಲು ತೆರೆದು, ಇಬ್ಬರೂ ನೋಡುತ್ತಿದ್ದಂತೆ, ಅಳಿಸಿದ್ದ ಸಾಲನ್ನು ಅಕ್ಷರ ಅಕ್ಷರವಾಗಿ ಮತ್ತೆ ಬರೆದ. ಮಾವ, ಮೊದಲು ಟೀ. ಈ ಸಲ ಯಾರೂ ನಗಲಿಲ್ಲ.

"ಒಂಬತ್ತು ಒತ್ತಿ ಮಾವ. ಮೇಡಂ, ನೀವು ನೋಡ್ಕೊಳ್ಳಿ."

ಮಾವ ದಬ್ಬಳದ ಹಿಡಿತದಲ್ಲಿ ಮೌಸ್ ಹಿಡಿದರು. "ಒಂಬತ್ತು," ಎಂದು ಜೋರಾಗಿ ಹೇಳಿ ಒತ್ತಿದರು. ಯಜಮಾನಿ ತಲೆಯಾಡಿಸಿದರು. ಮಷೀನು ಗುರ್ರೆಂದು ತುಂಡನ್ನು ಕತ್ತರಿಸಿ ಕೊಟ್ಟಿತು. ಮೊಳೆಯಿಂದ ಸ್ಕೇಲು ತಂದವನು ಹೀರೋನೇ.

ಹನ್ನೆರಡು.

ಮಾವ ತುಂಡನ್ನು ಅಂಗೈಯಲ್ಲಿ ಬಹಳ ಹೊತ್ತು ತಿರುಗಿಸಿದರು. ಆಮೇಲೆ ಜೇಬಿನಿಂದ ಚೀಟಿಗಳನ್ನು ತೆಗೆದರು. ಒಂದಲ್ಲ, ಆರೇಳು ಇದ್ದವು. ಒಂದೊಂದಾಗಿ ಹರಿದು ಕಸದ ಬುಟ್ಟಿಗೆ ಹಾಕಿದರು.

"ನಿಂಗೆ ಯಾವತ್ತು ಗೊತ್ತಾಯ್ತು?"

"ಗುರುವಾರ."

"ಆ ಕಂಡಕ್ಟರ್ ಹುಡುಗಿ ಬಂದಿದ್ದಾಗಲೇ?"

"ಹೂಂ."

"ಡಾಕ್ಟರ ಹತ್ರ ಹೋಗೋ ಮುಂಚೇನೇ."

ಹೀರೋ ತಲೆಯಾಡಿಸಿದ. ಬೈದಿದ್ದರೆ, ಕಪಾಳಕ್ಕೊಂದು ಬಿಗಿದಿದ್ದರೆ ಚೆನ್ನಾಗಿತ್ತು. ಮಾವ ಅದೇನನ್ನೂ ಮಾಡಲಿಲ್ಲ.

"ಟೀ ತಮಾಷೆ ಕಣೋ. ಅದಕ್ಕೆ ನಾನೂ ನಕ್ಕೆ," ಎಂದರು. "ಆ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಿದ್ದೆಯಲ್ಲ ನೀನು."

ಅಷ್ಟೇ. ಸ್ಕೇಲನ್ನು ಅವನ ಕೈಗೆ ಕೊಟ್ಟರು. "ಐದೂ ಜನರ ಹತ್ರ ಹೋಗ್ಬೇಕು. ಮಂಡಿಯೂರಿ ಕೂತು ಅಳತೆ ತಗೋಬೇಕು. ಯಾಕೆ ಬಂದೆ ಅಂತ ಕೇಳ್ತಾರೆ, ಹೇಳ್ಬೇಕು. ಮೇಡಂ, ಇವತ್ತು ಇಬ್ರೂ ರಜೆ."

ಮೊದಲು ಹೋದದ್ದು ಬಸ್ ಡಿಪೋಗೆ. ಕಂಡಕ್ಟರ್ ಅಕ್ಕ ವಿಶ್ರಾಂತಿ ಕೋಣೆಯ ಬೆಂಚಿನಲ್ಲಿ ಕೂತು ಕಾಲು ಚಾಚಿದಳು. ಗೋಡೆಯ ಪಕ್ಕ ನಾಲ್ಕು ಜನ ಡ್ರೈವರುಗಳು. ಹೀರೋ ಸಿಮೆಂಟು ನೆಲದ ಮೇಲೆ ಮಂಡಿಯೂರಿದ.

"ಮಾವ ಬರ್ಲಿಲ್ವಾ? ಪಾಪ, ಕಣ್ಣಿಗೇನಂತೆ?" ಎಂದಳು ಅಕ್ಕ.

"ಮಾವನ ಕಣ್ಣು ಚೆನ್ನಾಗಿದೆ ಅಕ್ಕ. ತಲೆನೂ ಚೆನ್ನಾಗಿದೆ." ಡ್ರೈವರುಗಳು ಮಾತು ನಿಲ್ಲಿಸಿ ನೋಡಿದರು. ಇಷ್ಟು ಪ್ರೇಕ್ಷಕರ ಮುಂದೆ ಅವನು ದನಿ ಏರಿಸದೆ ಮಾತಾಡಿದ್ದು ಇದೇ ಮೊದಲು. "ನಿಮ್ಮ ಸೊಂಟ ಹಾಳು ಮಾಡಿದ್ದು ನಾನು. ಪಟ್ಟೀಲಿ ತಮಾಷೆಗೆ ಒಂದು ಸಾಲು ಸೇರಿಸ್ದೆ. ಅದರಿಂದ ಅಳತೆ ತಪ್ಪಿತು. ಗೊತ್ತಾದ ಮೇಲೂ ನಾಲ್ಕು ದಿನ ಬಾಯಿ ಮುಚ್ಕೊಂಡಿದ್ದೆ."

ಅಕ್ಕ ಅವನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದಳು. ಅಲ್ಲಿ, ಹಿಂದೆಯೇ ಬಂದಿದ್ದ ಮಾವ ಚೌಕಟ್ಟಿಗೆ ಒರಗಿ, ಕೈಕಟ್ಟಿ ನಿಂತಿದ್ದರು. ಹೀರೋ ಹಿಮ್ಮಡಿಯ ಕೆಳಗೆ ಸ್ಕೇಲು ನಿಲ್ಲಿಸಿ, ಉಸಿರು ಹಿಡಿದು ಗೆರೆಗಳನ್ನು ಎಣಿಸತೊಡಗಿದ.

"ಓರೆ ಹಿಡಿದಿದೀಯ," ಎಂದಿತು ಬಾಗಿಲ ಕಡೆಯ ದನಿ. "ನೆಟ್ಟಗೆ ಹಿಡಿ. ಮೊದಲಿಂದ ಎಣಿಸು."

ಹೀರೋ ಸ್ಕೇಲನ್ನು ನೆಟ್ಟಗೆ ಹಿಡಿದು ಮೊದಲಿಂದ ಎಣಿಸಿದ.