ಎರಡನೇ ಸಂಪುಟಕ್ಕೆ ಹೂಂಗುಟ್ಟಿದವರು

ಒಂದು ಊರು, ಆ ಊರಿನಲ್ಲೊಬ್ಬಳು ಅಜ್ಜಿ, ಆ ಅಜ್ಜಿಯ ಮಡಿಲಲ್ಲಿ ಏಳು ಸಮುದ್ರ. ಅವಳ ಕಥೆಗಿದ್ದದ್ದು ಒಂದೇ ಕಟ್ಟಳೆ: ಕೇಳುವವರು ಹೂಂಗುಡುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು; ರಾಜಕುಮಾರ ಮರದ ಮೇಲೇ ಕೂತಿರಬೇಕು. ಅವಳ ಕಣ್ಣು ಮಂಜಾದ ಮೇಲೆ ಓದುವವಳು ನಾನಾದೆ, ಹೂಂಗುಡುವವಳು ಅವಳು.

ಮೂರು ಸಂಪುಟಗಳ ಒಂದು ಮಾಯಾಲೋಕದ ಕಾದಂಬರಿಯಲ್ಲಿ ಮೊದಲನೆಯದನ್ನು ನಾವಿಬ್ಬರೂ ಊಟ ಮರೆತು ಮುಗಿಸಿದ್ದೆವು. ತಾಯಿಯ ಕಳುವಾದ ದನಿಯನ್ನು ಹುಡುಕಿ ಹೊರಟ ಹುಡುಗಿ, ಮಾತಾಡುವ ಕುದುರೆ, ಉರಿಯುವ ಸೇತುವೆ. ಎರಡನೆಯದು ಬರುವಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು ಡಾಕ್ಟರು. ಯಾಕೆಂದು ನಾವ್ಯಾರೂ ಕೇಳಲಿಲ್ಲ.

ಆ ಎರಡನೇ ಸಂಪುಟದಲ್ಲಿ ಹುಡುಗಿಯೂ ಅವಳ ಜೊತೆಗಾರರೂ ಒಂದು ಗುಹೆ ಹೊಕ್ಕು ಕೂತುಬಿಟ್ಟರು. ಯಾರು ಮುಂದಾಳು ಎಂದು ಚರ್ಚೆ. ಅಧ್ಯಾಯ ಮುಗಿದರೂ ಚರ್ಚೆ ಮುಗಿಯದು.

"ಸಭೆ ಮಾಡೋಕೆ ಮನೆ ಬಿಟ್ಟು ಬಂದ್ರೇನೇ ಇವ್ರು?" ಎಂದಳು ಅಜ್ಜಿ. "ಆ ಕುದುರೆಗೆ ಯಾರಾದ್ರೂ ಹುಲ್ಲು ಹಾಕಿದ್ರಾ?"

"ಕುದುರೆ ಸುದ್ದಿನೇ ಇಲ್ಲ ಅಜ್ಜಿ."

"ಬರೆದೋನೇ ದಾರಿ ತಪ್ಪಿದಾನೆ ಕಣೇ."

ಮೂರನೆಯದು ಬರುವುದು ಮುಂದಿನ ವರ್ಷ. ಅಲ್ಲಿಯವರೆಗೆ ಅವಳಿರುವುದಿಲ್ಲ.

"ಇದನ್ನ ಬಿಡೋಣ ಅಜ್ಜಿ. ಮುಂದಿನದು ನಾನೇ ಕಟ್ಟಿ ಹೇಳ್ತೀನಿ, ದನಿ ಸಿಗೋವರೆಗೂ."

"ಮೊದ್ಲು ಇದನ್ನ ಮುಗ್ಸು. ಆ ಹುಡುಗೀನ ಕತ್ತಲಲ್ಲಿ ಕೂರಿಸಿ ನಾನು ಹೋಗಲ್ಲ. ಒಂದು ಸಾಲೂ ಹಾರಿಸಲ್ಲ ಅಂತ ಮಾತು ಕೊಡು."

ಕೊಟ್ಟೆ.

ದಿನದಿಂದ ದಿನಕ್ಕೆ ಹೂಂ ಸಣ್ಣದಾಯಿತು. ಆಮೇಲೆ ನನ್ನ ಮಣಿಕಟ್ಟಿನ ಮೇಲೆ ಬೆರಳು ತಟ್ಟುವುದೇ ಹೂಂ. ಒಂದು ಮಧ್ಯಾಹ್ನ, ಕಿಟಕಿಯಾಚೆ ಯಾರೋ ಬಕೆಟ್ ಎಳೆಯುತ್ತಿದ್ದಾಗ, ಬೆರಳು ಮೇಲೇಳಲಿಲ್ಲ. ಸಾಲು ಮುಗಿಸಿ ಕಾದೆ. ಬೆರಳು ತಣ್ಣಗಿತ್ತು.

ಔಷಧದ ಲೋಟ ಹಿಡಿದು ಬಂದ ಚಿಕ್ಕಮ್ಮ ಅಜ್ಜಿಯ ಮೂಗಿನ ಬಳಿ ಕೈಯಿಟ್ಟು ನೋಡಿದಳು. ಲೋಟವನ್ನು ಕಿಟಕಿಯಲ್ಲಿಟ್ಟಳು. ಕಥೆ ಎಂದರೆ ಮಾರು ದೂರ ಓಡುತ್ತಿದ್ದವಳು ಅವಳು.

"ಸಾಕು ಕಣೇ. ಮುಚ್ಚು ಇನ್ನು."

"ಇನ್ನೂ ಸ್ವಲ್ಪ ಇದೆ ಚಿಕ್ಕಮ್ಮಾ. ಮಾತು ಕೊಟ್ಟಿದೀನಿ. ಆದ್ರೆ ಹೂಂ ಅನ್ನೋರಿಲ್ದೆ ಓದೋ ಹಾಗಿಲ್ಲ."

ಅವಳು ತನ್ನ ತಾಯಿಯ ಕಾಲ ಬಳಿ ಕೂತಳು. ಕೆನ್ನೆ ಒರೆಸಿಕೊಂಡಳು.

"ಹೂಂ," ಎಂದಳು.

ಓದಿದೆ. ಗುಹೆಯ ಜನ ಇನ್ನೂ ಜಗಳವಾಡುತ್ತಲೇ ಇದ್ದರು. ಕುದುರೆ ಬರಲಿಲ್ಲ. ಚಿಕ್ಕಮ್ಮ ತಪ್ಪು ಜಾಗಗಳಲ್ಲೆಲ್ಲ ಹೂಂಗುಟ್ಟಿದಳು. ಕೊನೆಯ ಪುಟದಲ್ಲೂ ಆ ಹುಡುಗಿ ಹೊರಬರಲಿಲ್ಲ. ಗುಹೆಯ ಬಾಯಿಗೆ ಅಡ್ಡವಾಗಿದ್ದ ಬಂಡೆಯ ಮೇಲೆ ಕೈಯಿಟ್ಟಳು, ಅಷ್ಟೇ. ಆ ಸಾಲನ್ನೂ ಹಾರಿಸದೆ ಓದಿ ಪುಸ್ತಕ ಮುಚ್ಚಿದೆ.